ಬಾ ಬಾ ಅನ್ನೋದು ನಿಂತ್ ಮೇಲೆ

ಹೋದ್ ಭಾನುವಾರ ಯಾದವಗಿರಿಲಿ ಮಾವನ ಮನೆ ಕಾಂಪೌಂಡ್ ಒಳಗೆ ಕಾರು ರಿವರ್ಸ್ ತಗೋತಿದ್ದೆ, ಮಾವ ಹಿಂದ್ಗಡೆ ನಿಂತ್ಕೊಂಡು ಬಾ... ಬಾ... ಬಾ ಅಂತಿದ್ರು, ಅಷ್ಟ್ರಲ್ಲಿ ಗೇಟ್ ಹತ್ರ ಯಾರೋ ಮಾತಾಡ್ಸಿದ್ರು ಅಂತ ಆ ಕಡೆ ತಿರುಗಿದ್ರು, ನಾನು ಬರ್ತಾನೇ ಇದ್ದೆ, ತುಳಸಿಕಟ್ಟೆಗೆ ಟಕ್ ಅಂತು. ಟೈಲ್ ಲ್ಯಾಂಪ್ ಹೋಯ್ತು. ನೀವು ಹೇಳ್ಲೇ ಇಲ್ವಲ್ಲ ಮಾವ ಅಂದ್ರೆ, "ನಾನು ಸುಮ್ನಾದ್ ತಕ್ಷಣ ನೀನು ನಿಲ್ಲಿಸ್ಬೇಕು ಕಣೋ, ಇದೇ ತಪ್ಪಿಗೆ ಒಬ್ಬನ ಇಂಕ್ರಿಮೆಂಟ್ ಹೋಗಿದೆ" ಅಂದ್ರು.

ಮಾವ ರೈಲ್ವೇಲಿ ಇಂಜಿನ್ ಡ್ರೈವರ್ ಆಗಿದ್ದು ಆಮೇಲೆ ಲೋಕೋ ಇನ್ಸ್‌ಪೆಕ್ಟರ್, ಅಂದ್ರೆ ಡ್ರೈವರ್‌ಗಳ ಮೇಲ್ವಿಚಾರಕ, ಆಗಿ ರಿಟೈರ್ ಆದೋರು. ಆ ಕೇಸ್ ಎನ್‌ಕ್ವೈರಿಲಿ ಅವ್ರೂ ಇದ್ರಂತೆ. ಯಾವ ಯಾರ್ಡು ಅಂತ ಬರೆಯಲ್ಲ. ಬೆಳಗಿನ ಜಾವ 12 ಖಾಲಿ ಬೋಗಿನ ಇಂಜಿನ್ ಹಿಂದಿನಿಂದ ತಳ್ಕೊಂಡು ತೊಳೆಯೋ ಲೈನಿಗೆ ಹೋಗ್ತಿದೆ. ತಳ್ಳುವಾಗ ಡ್ರೈವರ್‌ಗೆ ಮುಂದೆ ಏನೂ ಕಾಣಲ್ಲ, ಮುಂದಿನ ಬೋಗಿ ಹತ್ರ ಇರೋನು ವಾಕಿಟಾಕಿಲಿ ಐದು ಬೋಗಿ, ನಾಲ್ಕು ಬೋಗಿ, ಮೂರು ಬೋಗಿ ಅಂತ ದೂರ ಹೇಳ್ತಾ ಇರ್ಬೇಕು. ಅವತ್ತು ಮೂರು ಅನ್ನೋವರೆಗೂ ಕೇಳಿಸ್ತು. ಆಮೇಲೆ ನಿಶ್ಶಬ್ದ. ಆಮೇಲೆ ಧಡ್. ಆ ಲೈನಲ್ಲಿ ಮೊದ್ಲೇ ನಿಂತಿದ್ದ ಬೋಗಿಗಳಿಗೆ ಗುದ್ದಿ, ಬೋಗಿ ತುದಿಲಿ ಗುದ್ದು ತಡೆಯೋ ಬಫರ್ ಸೊಟ್ಟಗಾಗಿ ಒಂದು ಬೋಗಿ ಹಳಿ ಬಿಟ್ಟು ಇಳೀತು. ಪುಣ್ಯಕ್ಕೆ ಒಳಗೆ ಯಾರೂ ಇರ್ಲಿಲ್ಲ.

ಮೊದ್ಲು ಎಲ್ರಿಗೂ ಬಾಯಿ ಊದ್ಸೋ ಟೆಸ್ಟು, ಅದು ಕ್ಲೀನ್. ಆಮೇಲೆ ಜಾಯಿಂಟ್ ನೋಟ್, ಎಲ್ಲಾ ಡಿಪಾರ್ಟ್‌ಮೆಂಟ್‌ನೋರು ಸ್ಥಳದಲ್ಲೇ ನೋಡಿದ್ದು ಬರೆದು ಸೈನ್ ಹಾಕೋದು, ಅಲ್ಲೂ ನಮ್ದಲ್ಲ ನಿಮ್ದು ಅಂತ ಜಗಳ ಇದ್ದಿದ್ದೇ. ಮುಂದೆ ಇದ್ದೋನು ನಾನು ನಿಲ್ಸು ಅಂದೆ ಅಂತಾನೆ, ಡ್ರೈವರ್ ನಂಗೇನೂ ಕೇಳಿಸ್ಲಿಲ್ಲ ಅಂತಾರೆ. ವಾಕಿಟಾಕಿ ಮಾತು ರೆಕಾರ್ಡ್ ಆಗ್ತಿರ್ಲಿಲ್ಲ, ಇಬ್ರಲ್ಲಿ ಯಾರು ನಿಜ ಅಂತ ಹೇಳೋರ್ಯಾರು.

ಮಾವ ಇಂಜಿನ್ನಿನ ಸ್ಪೀಡ್ ಚಾರ್ಟ್ ತೆಗೆದು ಕೂತ್ರಂತೆ. 12 ಕಿಲೋಮೀಟರ್ ಸ್ಪೀಡು, ಶಂಟಿಂಗ್‌ಗೆ, ಅಂದ್ರೆ ಹೀಗೆ ಬೋಗಿಗಳನ್ನ ಒಂದು ಲೈನಿಂದ ಇನ್ನೊಂದಕ್ಕೆ ಸರಿಸೋಕೆ, 15ರ ತನಕ ಪರ್ಮಿಷನ್ ಇದೆ, ಸೋ ಸ್ಪೀಡಲ್ಲಿ ತಪ್ಪಿಲ್ಲ. ಆದ್ರೆ 12 ಅಂದ್ರೆ ಸೆಕೆಂಡಿಗೆ ಮೂರು ಮೀಟರ್ ಚಿಲ್ರೆ, ಒಂದು ಬೋಗಿ ಉದ್ದ ಹತ್ರತ್ರ 22 ಮೀಟರ್, ಮೂರು ಬೋಗಿ ದೂರ ದಾಟೋಕೆ 20 ಸೆಕೆಂಡ್. ಚಾರ್ಟಲ್ಲಿ ಆ 20 ಸೆಕೆಂಡೂ ಗೆರೆ ನೆಟ್ಟಗಿದೆ, ಕೊನೇಲಿ ಒಂದೇ ಸಲ ಸೊನ್ನೆಗೆ ಬಿದ್ದಿದೆ. ಅಂದ್ರೆ ಬ್ರೇಕೇ ಹಾಕಿಲ್ಲ. ವಾಕಿಟಾಕಿ ಬ್ಯಾಟರಿ ಡೌನ್ ಆಗಿತ್ತೋ ಏನೋ ಅದು ಬೇರೆ ವಿಷ್ಯ, ಮಾತು ನಿಂತ್ರೆ ಗಾಡಿ ನಿಲ್ಬೇಕು, ಅಷ್ಟೇ ರೂಲು. ಸಾಲದ್ದಕ್ಕೆ ಟೈಮ್ ಉಳಿಸೋಕೆ ಬೋಗಿಗಳ ಬ್ರೇಕಿನ ಗಾಳಿ ಪೈಪ್ ಇಂಜಿನ್ನಿಗೆ ಸೇರ್ಸೇ ಇರ್ಲಿಲ್ಲ, ಆವಾಗ ಇಡೀ ಗಾಡಿಗೆ ಬ್ರೇಕ್ ಹಾಕೋ ಎ-9 ಹ್ಯಾಂಡಲ್ ಎಳೆದ್ರೂ ಬೋಗಿ ಬ್ರೇಕ್ ಹಿಡಿಯಲ್ಲ, ಇಂಜಿನ್ ಬ್ರೇಕ್ ಒಂದೇ ಅಷ್ಟೂ ಭಾರ ತಡೀಬೇಕು, ಐನೂರು ಟನ್ ಮೇಲೆ.

ಸ್ಲೋ ಇದ್ರೆ ಏನಾಗತ್ತೆ ಅನ್ನೋರಿಗೆ ಹೈದರಾಬಾದಿನ ಕಾಚಿಗುಡ ಸ್ಟೇಷನ್ ಆಕ್ಸಿಡೆಂಟ್ ನೆನಪು ಮಾಡ್ತಾರೆ ಮಾವ. 2019ರ ನವೆಂಬರ್ 11, ಲೋಕಲ್ ಟ್ರೈನು ಸಿಗ್ನಲ್ ದಾಟಿ ಹೋಗಿ ಹಂದ್ರಿ ಎಕ್ಸ್‌ಪ್ರೆಸ್‌ಗೆ ಗುದ್ದಿತು, ಸ್ಟೇಷನ್ ಹತ್ರಾನೇ, ಅಂಥಾ ಸ್ಪೀಡೇನೂ ಇಲ್ಲ. ಲೋಕಲ್ ಓಡಿಸ್ತಿದ್ದೋರನ್ನ ಕ್ಯಾಬಿನ್‌ನಿಂದ ಬಿಡಿಸೋಕೆ ಎಂಟು ಗಂಟೆ ಹತ್ರ ಹಿಡೀತು, ಕೆಲವು ದಿನಕ್ಕೆ ಆಸ್ಪತ್ರೆಲಿ ತೀರ್ಕೊಂಡ್ರು.

ಯಾರ್ಡ್ ಕೇಸಲ್ಲಿ ಇಬ್ರದ್ದೂ ತಪ್ಪು ಅಂತ ಬರೆದು ಫೈಲ್ ಮುಚ್ಚಿದ್ರು. ನಂಗನ್ಸೋದು, ಪೈಪ್ ಸೇರ್ಸೋಕೆ ಟೈಮ್ ಕೊಡದೆ ಅವಸರ ಮಾಡ್ಸಿದ್ದು ಯಾರು ಅಂತಾನೂ ಕೇಳ್ಬೇಕಿತ್ತು. ಮಾವನ್ನ ಕೇಳ್ದೆ. "ಬರೆದಿದ್ದೆ ಕಣೋ, ಫೈನಲ್ ಕಾಪಿಲಿ ಆ ಪ್ಯಾರಾ ಇರ್ಲಿಲ್ಲ" ಅಂದು ಕಾಫಿ ಲೋಟ ಎತ್ಕೊಂಡು ಒಳಗೆ ಹೋದ್ರು.

ಟೈಲ್ ಲ್ಯಾಂಪ್‌ಗೆ 2,400 ಆಯ್ತು. ಇಬ್ರದ್ದೂ ತಪ್ಪು ಅಂದ್ಮೇಲೆ ಅರ್ಧ ಕೊಡಿ ಮಾವ ಅಂತ ಕೇಳಿದ್ದೀನಿ, ಅತ್ತೆ ತುಳಸಿಕಟ್ಟೆ ಸಿಮೆಂಟಿನ ಖರ್ಚು ನನ್ನ ಲೆಕ್ಕಕ್ಕೆ ಸೇರಿಸ್ತಿದ್ದಾರೆ.