ರಿವರ್ಸ್ ಬಜರ್‌ನ ವೈರ್ ಯಾಕೆ ಕೀಳ್ತಾರೆ?

ರೆಡಿಮಿಕ್ಸ್ ಕಾಂಕ್ರೀಟ್ ಪ್ಲಾಂಟ್‌ನಲ್ಲಿ ಸೇಫ್ಟಿ ನೋಡಿಕೊಳ್ಳುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತೆ. ಗಾಡಿ ಹಿಂದಕ್ಕೆ ಹೋಗುವಾಗ ಬೀಪ್ ಅನ್ನಬೇಕಾದ ರಿವರ್ಸ್ ಬಜರ್ ಸದ್ದು ಮಾಡದಿದ್ದರೆ, ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ, ಅದರ ವೈರ್ ಕಿತ್ತಿರುತ್ತಾರೆ.

ಇದು ಸೋಮಾರಿತನ ಅಲ್ಲ. ಬೆಂಗಳೂರಿನಲ್ಲಿ ಹಗಲು ಭಾರಿ ವಾಹನಗಳ ಓಡಾಟಕ್ಕೆ ನಿರ್ಬಂಧ ಇರೋದರಿಂದ ದೊಡ್ಡ ಸ್ಲ್ಯಾಬ್ ಕೆಲಸ ಹೆಚ್ಚಾಗಿ ರಾತ್ರಿಯೇ. ನಮ್ಮ ಪ್ಲಾಂಟ್ ಶುರುವಾದಾಗ ಸುತ್ತ ನೀಲಗಿರಿ ತೋಪು ಇತ್ತು, ಈಗ ಕಾಂಪೌಂಡ್ ಆಚೆಯೇ ಅಪಾರ್ಟ್‌ಮೆಂಟ್. ಅಲ್ಲಿಂದ ನಡುರಾತ್ರಿ ಫೋನ್ ಬರುತ್ತೆ. ಶಿಫ್ಟ್ ಇನ್‌ಚಾರ್ಜ್ ಜಲ್ಲಿ ಎತ್ತುವ ಲೋಡರ್‌ನ ಆಪರೇಟರ್‌ಗೆ ಬೈತಾರೆ, ಅವನು ಇಳಿದು ವೈರ್ ಎಳೀತಾನೆ. ಫೋನ್ ನಿಲ್ಲುತ್ತೆ. ಆದರೆ ಜಲ್ಲಿ ಯಾರ್ಡ್‌ನಲ್ಲಿ ಲೋಡರ್ ಅರ್ಧ ಹೊತ್ತು ಹಿಂದಕ್ಕೇ ಓಡ್ತಿರುತ್ತೆ. ಅದರ ಹಿಂದೆಯೇ ಹೆಲ್ಪರ್ ಹುಡುಗರು ಸಲಿಕೆ ಹಿಡಿದು ಓಡಾಡ್ತಿರುತ್ತಾರೆ.

ಅಪಾರ್ಟ್‌ಮೆಂಟಿನವರದ್ದು ಸುಮ್ನೆ ತಕರಾರು ಅಂತ ನಮ್ಮವರು ಹೇಳ್ತಾರೆ. ಲೆಕ್ಕ ಹಾಕಿ ನೋಡಿ. ಇಂಥ ಯಂತ್ರಗಳಿಗೆ ಹಾಕುವ ಬೀಪರ್ 4 ಅಡಿ ದೂರದಲ್ಲಿ 107 ಡೆಸಿಬೆಲ್ ಕೊಡೋದು ಸಾಮಾನ್ಯ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕಮ್ಮಿ ಆಗುತ್ತೆ. ಅಂದರೆ 512 ಅಡಿ ಆಚೆಗೂ ಕಾಗದದ ಮೇಲೆ 65 ಉಳಿಯುತ್ತೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45. ಅದು ಸರಾಸರಿ ಲೆಕ್ಕ, ನಿಜ. ಮಲಗಿದವರಿಗೆ ಸರಾಸರಿ ಕೇಳಿಸಲ್ಲ, ಬೀಪ್ ಕೇಳಿಸುತ್ತೆ ಅಲ್ವಾ?

ಇಷ್ಟು ಜೋರಿದ್ದರೂ ಹಿಂದೆ ನಿಂತವನಿಗೆ ಅದರಿಂದ ಪೂರ್ತಿ ಉಪಯೋಗ ಇಲ್ಲ. ಬೀಪ್ ಅಂದರೆ ಒಂದೇ ಸ್ವರ, ಸುಮಾರು 1000ದಿಂದ 3000 ಹರ್ಟ್ಸ್ ಒಳಗೆ ಎಲ್ಲೋ ಒಂದು ಕಡೆ. ಶಬ್ದ ಎಲ್ಲಿಂದ ಬಂತು ಅಂತ ಕಿವಿ ಪತ್ತೆ ಮಾಡೋದರಲ್ಲಿ ತೀರಾ ಹಿಂದೆ ಬೀಳೋದು ಈ ಭಾಗದಲ್ಲೇ. ಮುಂದೋ ಹಿಂದೋ ಅನ್ನೋದಂತೂ ಒಂದೇ ಸ್ವರದಿಂದ ಸರಿಯಾಗಿ ತಿಳಿಯಲ್ಲ. ಅದೇ ಸ್ವರ ನೆಲಕ್ಕೂ ಗೋಡೆಗೂ ಬಡಿದು ಬಂದಾಗ ಒಂದು ಕಡೆ ಜೋರು, ಎರಡು ಹೆಜ್ಜೆ ಪಕ್ಕದಲ್ಲಿ ಮಂದ. ಯಾರ್ಡ್‌ನಲ್ಲಿ ಮೂರು ಗಾಡಿ ಒಟ್ಟಿಗೆ ಬೀಪ್ ಅಂದರೆ ಹುಡುಗರು ತಲೆ ಎತ್ತೋದೇ ಇಲ್ಲ.

ಹಾಗಾಗಿ ಲೋಡರ್‌ಗೆ ಮೊದಲು ಬ್ರಾಡ್‌ಬ್ಯಾಂಡ್ ಅಲಾರಂ ಹಾಕಿಸಿದೆವು. ಬೀಪ್ ಬದಲು 'ಶ್ಶ್, ಶ್ಶ್' ಅನ್ನುತ್ತೆ. ಹಲವು ಸ್ವರಗಳು ಒಟ್ಟಿಗೆ ಇರೋದರಿಂದ ದಿಕ್ಕು ತಕ್ಷಣ ಗೊತ್ತಾಗುತ್ತೆ. ಅದರ ಎತ್ತರದ ಸ್ವರಗಳು ದೂರ ಹೋದಂತೆ ಬೇಗ ಸಾಯುತ್ತವೆ, ಕಾಂಪೌಂಡ್ ಗೋಡೆಯೂ ಅವನ್ನು ಚೆನ್ನಾಗಿ ತಡೆಯುತ್ತೆ. ನಾವು ತಂದದ್ದರಲ್ಲಿ ಮೈಕ್ ಕೂಡ ಇದೆ. ಸುತ್ತಲಿನ ಗದ್ದಲ ಅಳೆದು ಅದಕ್ಕಿಂತ ಸ್ವಲ್ಪ ಮಾತ್ರ ಜೋರಾಗುತ್ತೆ.

ಸಮಸ್ಯೆ ಇಲ್ಲ ಅಂತಲ್ಲ. ಲಾರಿ ಯಾರ್ಡ್‌ನಲ್ಲಿ ಏರ್ ಬ್ರೇಕ್ ಬಿಟ್ಟಾಗಲೂ ಅಂಥದೇ ಸದ್ದು, ಅಲಾರಂ ಕೇಳಿದರೂ ಹೊಸಬರು ಏರ್ ಬ್ರೇಕ್ ಅಂದುಕೊಳ್ತಾರೆ. ಅದಕ್ಕೆ ಮೊದಲ ದಿನವೇ ಲೋಡರ್ ಹಿಂದೆ ಸುರಕ್ಷಿತ ದೂರದಲ್ಲಿ ನಿಲ್ಲಿಸಿ ಕೇಳಿಸ್ತೀವಿ. ಸಿಮೆಂಟ್ ಧೂಳು ಗಟ್ಟಿಯಾದರೆ ಜಾಲರಿ ಮುಚ್ಚಿಹೋಗುತ್ತೆ, ದಿನಾ ಬ್ರಶ್ ಹೊಡೀಬೇಕು. ಬಂಪರ್ ಮರೆಯಲ್ಲಿ ಕೂರಿಸಿದರೆ ದುಡ್ಡು ದಂಡ, ಹಿಂದಕ್ಕೆ ನೇರ ಕಾಣುವಂತೆ ಇರಬೇಕು. ಇಯರ್‌ಮಫ್ ಹಾಕಿದವನಿಗೆ ಯಾವ ಅಲಾರಂನ ದಿಕ್ಕೂ ಸರಿಯಾಗಿ ತಿಳಿಯಲ್ಲ.

ಇನ್ನೊಂದು ಮಾತು. ಅಲಾರಂಗಿಂತ ಜಾಸ್ತಿ ಫಲ ಕೊಟ್ಟಿದ್ದು ದಾರಿ ಬದಲಿಸಿದ್ದು. ಕಾಂಕ್ರೀಟ್ ಒಯ್ಯುವ ಟ್ರಾನ್ಸಿಟ್ ಮಿಕ್ಸರ್‌ಗಳು ಈಗ ಒಂದು ಗೇಟ್‌ನಲ್ಲಿ ಬಂದು, ಲೋಡ್ ತಗೊಂಡು, ಮುಂದಕ್ಕೇ ಹೋಗ್ತವೆ. ರಿವರ್ಸೇ ಇಲ್ಲ ಅಂದಮೇಲೆ ಬೀಪ್ ಎಲ್ಲಿಂದ ಬರಬೇಕು?

ಸೈಟ್‌ನಲ್ಲಿ ಮಿಕ್ಸರನ್ನು ಕಾಂಕ್ರೀಟ್ ಪಂಪ್‌ಗೆ ಹಿಂದಕ್ಕೆ ಹಚ್ಚಲೇಬೇಕು, ಅಲ್ಲಿ 'ಬರ್ಲಿ ಬರ್ಲಿ' ಅನ್ನೋ ಸಿಗ್ನಲ್‌ಮ್ಯಾನ್ ಬೇಕೇ ಬೇಕು. ಬಾಡಿಗೆ ಮಿಕ್ಸರ್‌ಗಳಲ್ಲಿ ಇನ್ನೂ ಹಳೇ ಬೀಪರ್ ಇದೆ. 'ಸದ್ದು ಬಂದ್ರೆ ಸಾಕಲ್ವಾ ಸಾರ್' ಅಂತಾರೆ ಮಾಲೀಕರು. ಮುಂದಿನ ವರ್ಕ್ ಆರ್ಡರ್‌ನಲ್ಲಿ ಬ್ರಾಡ್‌ಬ್ಯಾಂಡ್ ಅಲಾರಂ ಅನ್ನೂ ಷರತ್ತಾಗಿ ಸೇರಿಸಿ ಅಂತ ಪರ್ಚೇಸ್‌ನವರಿಗೆ ಬರೆದಿದ್ದೇನೆ. ಖರ್ಚು ಯಾರದ್ದು ಅನ್ನೋ ಜಗಳ ನಡೀತಾ ಇದೆ.