ಹೆಲಿಕಾಪ್ಟರ್ ಗಾಳಿಯಲ್ಲಿ ನಿಂತಿತು

ರಿಮೋಟ್ ಹೆಲಿಕಾಪ್ಟರ್ ಮೇಲೇರಿಸೋದು ಸುಲಭ. ಥ್ರಾಟಲ್, ಅಂದರೆ ಮೇಲೇರಿಸುವ ಸ್ಟಿಕ್ಕು, ತಳ್ಳಿದರೆ ಸಾಕು, ಏಳುತ್ತದೆ. ಎದ್ದದ್ದನ್ನು ಅಲ್ಲೇ ನಿಲ್ಲಿಸೋದಿದೆಯಲ್ಲ, ಕಷ್ಟ ಇರೋದು ಅಲ್ಲಿ. ಒಂದೇ ಜಾಗ, ಒಂದೇ ಎತ್ತರ, ಮೂತಿ ಒಂದೇ ದಿಕ್ಕಿಗೆ. ಇದಕ್ಕೆ ಹೋವರ್ ಅನ್ನುತ್ತಾರೆ. ಕಲಿಯುವವರು ಮೊದಲು ದಾಟಬೇಕಾದ ಹೊಳೆ ಇದೇ.

ಚೆನ್ನಾಗಿ ಹೊಂದಿಸಿದ ಮಾಡೆಲ್ ವಿಮಾನ ಕೈಬಿಟ್ಟರೂ ಸ್ವಲ್ಪ ಹೊತ್ತು ನೆಟ್ಟಗೆ ಹೋಗುತ್ತದೆ. ಹೆಲಿಕಾಪ್ಟರ್ ಹಾಗಲ್ಲ. ಮೇಲಿನ ರೋಟರ್, ಅಂದರೆ ಬ್ಲೇಡುಗಳ ಚಕ್ರ, ಒಂದು ಕಡೆ ತಿರುಗಿದರೆ ಕೆಳಗಿನ ಮೈ ಎದುರು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಬಾಲದಲ್ಲೊಂದು ಚಿಕ್ಕ ರೋಟರ್. ಆದರೆ ಆ ಚಿಕ್ಕ ರೋಟರ್ ಗಾಳಿ ದೂಡುವಾಗ ಇಡೀ ಹೆಲಿಕಾಪ್ಟರನ್ನೇ ಪಕ್ಕಕ್ಕೆ ಜರುಗಿಸುತ್ತದೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಮೇಲಿನ ರೋಟರ್, ಮೇಲಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಹಾಗಾಗಿ ಜರುಗುವುದು ಎಡಕ್ಕೆ. ನಿಲ್ಲಬೇಕೆಂದರೆ ಅದು ಒಂಚೂರು ಬಲಕ್ಕೆ ವಾಲಿಕೊಂಡೇ ನಿಲ್ಲಬೇಕು. ಅಂದರೆ ನೆಟ್ಟಗೆ ನಿಂತ ಹೆಲಿಕಾಪ್ಟರ್ ನೆಟ್ಟಗಿರುವುದಿಲ್ಲ! ಇದು ಗೊತ್ತಾದಾಗ ನನಗೆ ಈ ಯಂತ್ರದ ಮೇಲೆ ಪ್ರೀತಿಯೇ ಹುಟ್ಟಿತು.

ನನ್ನದು 450 ಅನ್ನುವ ಅಳತೆಯ ಮಾಡೆಲ್. ಒಂದೊಂದು ಬ್ಲೇಡ್ 325 ಮಿಲಿಮೀಟರ್. ರೋಟರ್ ತಿರುಗುವಾಗ ಸುಮಾರು 70 ಸೆಂಟಿಮೀಟರ್ ಅಗಲ. ನಿಮಿಷಕ್ಕೆ 2,500 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿರುತ್ತದೆ. ಆಟಿಕೆ ಅಂತ ಹತ್ತಿರ ಹೋಗುವ ವಸ್ತುವಲ್ಲ. ಮೊದಲು ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿರುವ ರಿಮೋಟ್, ಆನ್. ಆಮೇಲೆ ಬ್ಯಾಟರಿ. ಮುಗಿಸುವಾಗ ಮೊದಲು ಬ್ಯಾಟರಿ ಕಳಚಿ, ಆಮೇಲೆ ಟ್ರಾನ್ಸ್‌ಮಿಟರ್ ಆಫ್. ಥ್ರಾಟಲ್ ಹೋಲ್ಡ್ ಅಂತ ಒಂದು ಸ್ವಿಚ್ ಇದೆ, ಅದನ್ನು ಹಾಕಿದರೆ ಮೋಟರಿಗೆ ಕರೆಂಟ್ ಹೋಗುವುದಿಲ್ಲ. ಅದನ್ನು ಹಾಕದೆ ಯಾರೂ ಹೆಲಿಕಾಪ್ಟರ್ ಎತ್ತಿಕೊಳ್ಳಬಾರದು. ಈ ವಿಷಯದಲ್ಲಿ ನನ್ನದು ಹಠವೇ.

ಆ ದಿನ ಗಾಳಿ ಏಳುವ ಮೊದಲೇ ಮೈದಾನಕ್ಕೆ ಹೋಗಿದ್ದೆವು. ಹೆಲಿಕಾಪ್ಟರಿನ ಕಾಲುಗಳಾದ ಸ್ಕಿಡ್‌ಗಳ ಕೆಳಗೆ ಅಡ್ಡಡ್ಡ ಕಟ್ಟಿದ ಎರಡು ಉದ್ದನೆಯ ಕಡ್ಡಿ, ತುದಿಗಳಲ್ಲಿ ಪ್ಲಾಸ್ಟಿಕ್ ಚೆಂಡು. ಇಳಿಯುವಾಗ ಪಕ್ಕಕ್ಕೆ ಮಗುಚಿ ಬ್ಲೇಡ್ ನೆಲಕ್ಕೆ ಬಡಿಯದಿರಲಿ ಅಂತ. ಜೊತೆಗಿದ್ದವರು ಬಹಳ ವರ್ಷದಿಂದ ಹಾರಿಸುವ ಹಿರಿಯರು. ಹಾರಿಸುವ ಮೊದಲು ಟ್ರ್ಯಾಕಿಂಗ್, ಅಂದರೆ ಎರಡೂ ಬ್ಲೇಡು ಒಂದೇ ಮಟ್ಟದಲ್ಲಿ ತಿರುಗುತ್ತವೆಯೇ ಅಂತ, ನೋಡೋಣ ಅಂದರು. ಒಂದು ಬ್ಲೇಡಿನ ತುದಿಗೆ ಕೆಂಪು ಟೇಪ್ ಸುತ್ತಿ, ದೂರ ನಿಂತು, ಬಗ್ಗಿ, ರೋಟರನ್ನು ಅಂಚಿನ ಮಟ್ಟದಲ್ಲಿ ನೋಡಿದೆವು. ಒಂದು ಗೆರೆ ಕಾಣಬೇಕಾದ ಕಡೆ ಎರಡು ಕಾಣುತ್ತಿತ್ತು. ಕೆಂಪು ಗೆರೆ ಒಂದು ಬೆರಳಷ್ಟು ಮೇಲೆ. ನಿಲ್ಲಿಸಿ, ಆ ಬ್ಲೇಡಿನ ಓರೆಯನ್ನು ಹೊಂದಿಸುವ ಕಡ್ಡಿಯ ತುದಿಯಲ್ಲಿರುವ ಬಾಲ್ ಲಿಂಕ್ ಅನ್ನುವ ಕೀಲು ಬಿಚ್ಚಿ, ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ ಕೂರಿಸಿದರು. ಟಕ್ ಅಂತ ಕೂತಿತು. ಮತ್ತೆ ತಿರುಗಿಸಿದಾಗ ಎರಡು ಗೆರೆಯೂ ಸೇರಿ ಒಂದಾಯಿತು. ಅಷ್ಟಕ್ಕೇ ಇಡೀ ಮೈಯ ನಡುಕ ಹೋಯಿತು.

ನಾನು ಅದುವರೆಗೆ ಜಾಸ್ತಿ ಹಾರಿಸಿದ್ದು ಸಿಮ್ಯುಲೇಟರಿನಲ್ಲಿ, ಇದೇ ಟ್ರಾನ್ಸ್‌ಮಿಟರನ್ನು ಕಂಪ್ಯೂಟರಿಗೆ ಸಿಕ್ಕಿಸಿಕೊಂಡು. ಬೆರಳಿಗೆ ಅಭ್ಯಾಸವಿತ್ತು. ಎದೆಗೆ ಇರಲಿಲ್ಲ.

ಬಾಲ ನನ್ನ ಕಡೆ, ಮೂತಿ ಆಚೆ ಕಡೆ ಇಟ್ಟುಕೊಂಡು ಎತ್ತಿದೆ. ಪಾದದ ಎತ್ತರಕ್ಕೆ ಬಂದು ಅತ್ತಿತ್ತ ಜಾರತೊಡಗಿತು.

"ಅಷ್ಟು ಕೆಳಗೆ ಇಡ್ಬೇಡಿ. ಅದರ ಗಾಳಿಯೇ ನೆಲಕ್ಕೆ ಹೊಡೆದು ವಾಪಸ್ ಬರ್ತಿದೆ. ಎದೆ ಮಟ್ಟಕ್ಕೆ ತನ್ನಿ," ಅಂದರು.

ಏರಿಸಿದ ಕೂಡಲೇ ಜಾರಾಟ ಕಡಿಮೆಯಾಯಿತು.

"ಈಗ ಬಾಲ ನೋಡ್ಬೇಡಿ, ಮೂತಿ ನೋಡಿ."

ಇದಕ್ಕೆ ಕಾರಣವಿದೆ. ಎಡಗೈ ಸ್ಟಿಕ್ಕನ್ನು ಎಡಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಬರುತ್ತದೆ, ಬಾಲ ಬಲಕ್ಕೆ ಹೋಗುತ್ತದೆ. ಬಾಲ ನೋಡುತ್ತಿದ್ದರೆ ಹೆಬ್ಬೆರಳು ಉಲ್ಟಾ ಹೋಗುತ್ತದೆ. ಈಗ ಬಾಲವನ್ನು ಗೈರೋ, ಅಂದರೆ ತಿರುಗುವುದನ್ನು ತಾನೇ ಗುರುತಿಸಿ ತಡೆಯುವ ಸಾಧನ, ಹಿಡಿದುಕೊಳ್ಳುತ್ತದೆ. 1970ರ ಸುಮಾರಿಗೆ ಜರ್ಮನಿಯ ಡೀಟರ್ ಷ್ಲೂಟರ್ ರೇಡಿಯೋ ಹೆಲಿಕಾಪ್ಟರನ್ನು ಹಿಡಿತಕ್ಕೆ ತಂದಾಗ ಆ ಅನುಕೂಲ ಇರಲಿಲ್ಲ. ಬಾಲದ ಒಂದೊಂದು ಅಲುಗಾಟವನ್ನೂ ಹೆಬ್ಬೆರಳಿನಲ್ಲೇ ತಡೆಯಬೇಕಿತ್ತು. ಅವರ ಕೈಗೆ ನಮಸ್ಕಾರ.

ಆದರೆ ಅಂದು ನನ್ನ ಕೈಯನ್ನು ತಿದ್ದಿದ್ದು ಜೊತೆಗಿದ್ದ ಹಿರಿಯರ ಇನ್ನೊಂದು ಮಾತು: "ಎಲ್ಲಿದೆ ಅಂತ ನೋಡ್ಬೇಡಿ. ಎತ್ತ ವಾಲಿದೆ ಅಂತ ನೋಡಿ."

ಹೆಲಿಕಾಪ್ಟರ್ ಒಂದು ಕಡೆ ವಾಲಿದ ಕ್ಷಣ ಆ ಕಡೆ ಸಾಗತೊಡಗುತ್ತದೆ. ವಾಲಿಕೆ ಇರುವವರೆಗೂ ವೇಗ ಏರುತ್ತಲೇ ಇರುತ್ತದೆ. ಅದು ಜರುಗಿದ ಮೇಲೆ ತಿದ್ದಲು ಹೋದರೆ ಆಗಲೇ ತಡವಾಗಿರುತ್ತದೆ. ಜೋರಾಗಿ ಎದುರು ತಳ್ಳುತ್ತೇವೆ, ಅದು ಆಚೆ ಓಡುತ್ತದೆ, ಮತ್ತೆ ಈಚೆ. ಅದರ ಬದಲು ತಟ್ಟೆಯ ಹಾಗೆ ಕಾಣುವ ತಿರುಗುವ ರೋಟರ್ ಎತ್ತ ಬಗ್ಗುತ್ತಿದೆ ಅಂತ ಕಣ್ಣಿಟ್ಟು, ಬಗ್ಗುವಾಗಲೇ ಎದುರಿಗೆ ಸ್ಟಿಕ್ಕನ್ನು ಒಂದು ಕೂದಲೆಳೆಯಷ್ಟು ಒತ್ತಿ, ತಕ್ಷಣ ಬಿಡಬೇಕು. ಒತ್ತು, ಬಿಡು. ಒತ್ತು, ಬಿಡು. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟದ ಹಾಗೆ.

ಹಾಗೆ ಮಾಡುತ್ತಾ ಮಾಡುತ್ತಾ ಒಂದು ಹೊತ್ತಿನಲ್ಲಿ ಬೆರಳುಗಳಿಗೆ ನಾನು ಹೇಳಬೇಕಾಗಿಯೇ ಇರಲಿಲ್ಲ. ಬೆರಳು ಅಲುಗುತ್ತಿತ್ತು, ಹೆಲಿಕಾಪ್ಟರ್ ಅಲುಗುತ್ತಿರಲಿಲ್ಲ. ಒಂಚೂರು ಬಲಕ್ಕೆ ವಾಲಿಕೊಂಡು, ಎದುರಿಗೆ, ಗಾಳಿಯಲ್ಲಿ, ನಿಂತಿತ್ತು. ಖುಷಿಗೆ ಕೂಗಬೇಕು ಅನ್ನಿಸಿತು. ಉಸಿರು ಬಿಡಲೂ ಭಯವಾಯಿತು.

"ನಿಂತಿದೆ ನೋಡಿ," ಅಂದರು ಪಕ್ಕದಿಂದ, ನನಗಿಂತ ಜಾಸ್ತಿ ಖುಷಿಯಲ್ಲಿ.

ಟೈಮರ್ ಕೂಗಿದಾಗ ನಿಧಾನಕ್ಕೆ ಇಳಿಸಿದೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ಹಾಗೆ ಮಾಡಿದರೆ ಸೆಲ್ ಹಾಳಾಗುತ್ತದೆ. ಹೋಲ್ಡ್ ಹಾಕಿ, ರೋಟರ್ ಪೂರ್ತಿ ನಿಂತ ಮೇಲೆ ಹತ್ತಿರ ಹೋಗಿ ಬ್ಯಾಟರಿ, ಮೋಟರ್ ಮುಟ್ಟಿ ನೋಡಿದೆವು. ಬೆಚ್ಚಗಿದ್ದವು, ಸುಡುತ್ತಿರಲಿಲ್ಲ. ಇನ್ನೊಂದು ಬ್ಯಾಟರಿ ಹಾಕಿದೆ.

"ಈಗ ಮೂತಿಯನ್ನು ಬಲಕ್ಕೆ ತಿರುಗಿಸಿ, ಅಡ್ಡ ನಿಲ್ಲಿಸಿ. ನಿಮ್ಮ ಕೈಗೆ ಮುಂದೆ ಅನ್ನೋದು ನಿಮ್ಮ ಕಣ್ಣಿಗೆ ಬಲ ಆಗುತ್ತೆ," ಅಂದರು. ಅಡ್ಡ ನಿಲ್ಲುವುದು ಬಂದ ಮೇಲೆ ಮೂತಿ ನಮ್ಮ ಕಡೆ ತಿರುಗಿಸಿ ನಿಲ್ಲಿಸುವುದು. ಆಗ ಎಡ ಬಲ, ಮುಂದೆ ಹಿಂದೆ ಎಲ್ಲವೂ ಅದಲುಬದಲು. ಅದಕ್ಕೆ ಈಗಲೂ ದಿನಾ ಸಂಜೆ ಸಿಮ್ಯುಲೇಟರಿನ ಮುಂದೆ ಕೂರುತ್ತಿದ್ದೇನೆ.