ಏಪ್ರಿಲ್‌ನಲ್ಲೂ ಹಸಿರಾಗಿರೋ ಜಾಗ

ತುಮಕೂರು ಹತ್ರದ ದೇವರಾಯನದುರ್ಗ ಬೆಟ್ಟದ ತಪ್ಪಲಲ್ಲಿ ನಮ್ಮೂರು. ಹುಟ್ಟಿದಾಗಿಂದ ಆ ಕಾಡು ನೋಡ್ಕೊಂಡೇ ಬೆಳ್ದಿದೀನಿ, ಆದ್ರೆ ಮೂವತ್ತು ವರ್ಷದಲ್ಲಿ ಅದು ಕಮ್ಮಿ ಆಯ್ತಾ ಜಾಸ್ತಿ ಆಯ್ತಾ ಅಂತ ಯಾರಾದ್ರೂ ಕೇಳಿದ್ರೆ ನನ್ ಹತ್ರ ಉತ್ತರ ಇರ್ಲಿಲ್ಲ, ಅದಕ್ಕೇ ಸ್ಯಾಟಲೈಟ್ ಚಿತ್ರಗಳನ್ನ ಹುಡುಕೋಕೆ ಕೂತೆ.

ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿ ಚಿತ್ರ ತೆಗೀತಾ ಇವೆ, 2008ರಿಂದ ಯಾರು ಬೇಕಾದ್ರೂ ಫ್ರೀಯಾಗಿ ಇಳಿಸ್ಕೋಬಹುದು. 1982ರಿಂದ ಈಚಿನ ಚಿತ್ರಗಳಲ್ಲಿ ಒಂದು ಚೌಕ (ಪಿಕ್ಸೆಲ್) ಅಂದ್ರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ನಮ್ ಲೆಕ್ಕದಲ್ಲಿ ಹತ್ರತ್ರ ಒಂಬತ್ತು ಗುಂಟೆ. 2015ರಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-2ರಲ್ಲಿ ಒಂದು ಚೌಕ 10 ಮೀಟರ್, ಅಂದ್ರೆ ಹೆಚ್ಚೂಕಮ್ಮಿ ಒಂದು ಗುಂಟೆ! ನಮ್ ಪಹಣಿಲಿ ಬರೆಯೋ ಅಳತೇಲೇ ಆಕಾಶದಿಂದ ಕಾಡು ಕಾಣುತ್ತೆ ಅಂತ ಗೊತ್ತಾದಾಗ ತುಂಬಾ ಖುಷಿ ಆಯ್ತು.

ಎಲೆ ಹಸಿರಾಗಿದ್ರೆ ಕೆಂಪು ಬೆಳಕನ್ನ ಹೀರ್ಕೊಳುತ್ತೆ, ನಮ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನ ವಾಪಸ್ ಎಸೆಯುತ್ತೆ. ವಾಪಸ್ ಬರೋ ಇನ್‌ಫ್ರಾರೆಡ್‌ನಿಂದ ವಾಪಸ್ ಬರೋ ಕೆಂಪನ್ನ ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ರೆ ಬರೋದೇ ಎನ್‌ಡಿವಿಐ, ಅಂದ್ರೆ ಹಸಿರಿನ ಅಳತೆ, ಎಲೆ ದಟ್ಟ ಇದ್ದಷ್ಟೂ ನಂಬರ್ ಒಂದರ ಕಡೆ ಹೋಗುತ್ತೆ. ನಾನು ಹಳೇ ಡಿಸೆಂಬರ್ ಚಿತ್ರ ಒಂದನ್ನ ಹೊಸ ಏಪ್ರಿಲ್ ಚಿತ್ರದ ಪಕ್ಕ ಇಟ್ಟೆ, ಅರ್ಧಕ್ಕರ್ಧ ಕಾಡೇ ಇಲ್ಲ! ಎದೆ ಧಸಕ್ ಅಂತು, ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕ್ದೆ.

ಚಿಕ್ಕಪ್ಪ ತಕ್ಷಣ ಫೋನ್ ಮಾಡಿದ್ರು. "ಲೇ ಮಗಾ, ಏಪ್ರಿಲ್‌ನಾಗೆ ನಮ್ ಕಾಡಲ್ಲಿ ಯಾವ್ ಮರಕ್ಕೆ ಎಲೆ ಇರ್ತೈತೆ? ಎಲ್ಲಾ ಉದುರಿಸ್ಕೊಂಡ್ ನಿಂತಿರ್ತವೆ."

ನಿಜ. ನಮ್ದು ಎಲೆ ಉದುರೋ ಕುರುಚಲು ಕಾಡು, ಹಾಗಾಗಿ ಯಾವ ವರ್ಷ ತಗೊಂಡ್ರೂ ಅದೇ ತಿಂಗಳ ಚಿತ್ರ ತಗೋಬೇಕು, ಮಳೆಗಾಲದಲ್ಲಿ ಮೋಡ ಇರುತ್ತೆ ಅಂತ ನಾನು ಡಿಸೆಂಬರ್-ಜನವರಿನೇ ಇಟ್ಕೊಂಡೆ. ಗ್ರೂಪಲ್ಲಿ ತಪ್ಪಾಯ್ತು ಅಂತ ಹೇಳಿ ಚಿತ್ರ ಡಿಲೀಟ್ ಮಾಡ್ದೆ.

ಆದ್ರೆ ಚಿಕ್ಕಪ್ಪನ ಮಾತು ತಲೇಲಿ ಉಳೀತು. ಏಪ್ರಿಲ್‌ನಲ್ಲಿ ಎಲ್ಲಾ ಬೋಳಾಗಿರ್ಬೇಕು ಅಂದ್ರೆ, ಆಗ್ಲೂ ಹಸಿರಾಗಿ ಕಾಣೋದು ಏನು? ಅದೇ ಏಪ್ರಿಲ್ ಚಿತ್ರ ಮತ್ತೆ ತೆರೆದು ನೋಡ್ದೆ, ತಪ್ಪಲಲ್ಲಿ ಅಂಚು ನೇರ ಇರೋ ತುಂಡುಗಳು. ನೀಲಗಿರಿ ತೋಪು, ವರ್ಷಪೂರ್ತಿ ಹಸಿರಾಗಿರೋ ಮರ. ಇದು ನಂಗೆ ಬಹಳ ಮುಖ್ಯ ಅನ್ಸುತ್ತೆ, ಯಾಕಂದ್ರೆ ದೇಶದ ಅರಣ್ಯ ವರದಿಯಲ್ಲೂ ಒಂದು ಹೆಕ್ಟೇರಿಗೆ ಕಮ್ಮಿ ಇಲ್ಲದ ಜಾಗದಲ್ಲಿ ಮರದ ನೆರಳು ನೂರಕ್ಕೆ ಹತ್ತು ಭಾಗ ಇದ್ರೆ ಸಾಕು, ಯಾವ ಜಾತಿ ಮರ ಅಂತ ನೋಡದೇ ಅರಣ್ಯ ಹೊದಿಕೆ ಲೆಕ್ಕಕ್ಕೆ ಸೇರುತ್ತೆ. 2017ರಲ್ಲಿ ನಮ್ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧ ಮಾಡಿದ್ರು, ಆದ್ರೆ ಮೊದಲೇ ನೆಟ್ಟಿದ್ದು ಇದೆಯಲ್ಲ.

ಅಂಥ ಒಂದು ತುಂಡಿನ ನಂಬರ್‌ಗಳನ್ನ ವರ್ಷ ವರ್ಷ ಜೋಡಿಸಿದ್ರೆ ಗ್ರಾಫು ಗರಗಸದ ಹಲ್ಲಿನ ಥರ, ಒಮ್ಮೆ ಧಬಕ್ ಅಂತ ಇಳಿಯುತ್ತೆ, ಆಮೇಲೆ ಮೆಲ್ಲಗೆ ಏರುತ್ತೆ. ಏರಿದ್ದನ್ನ ಮಾತ್ರ ನೋಡಿದ್ರೆ ಕಾಡು ಚೇತರಿಸ್ಕೊಳ್ತಿದೆ ಅನ್ನಬೇಕು. ಭಾನುವಾರ ಚಿಕ್ಕಪ್ಪನ ಜೊತೆ ಆ ಜಾಗಕ್ಕೇ ಹೋದ್ವಿ. ನೆಲದಲ್ಲಿ ಹುಲ್ಲಿಲ್ಲ, ಒಣ ಎಲೆ, ಕಾಲಿಟ್ರೆ ಚರಚರ ಸದ್ದು. ಕಡಿದ ಬುಡ ಸಾಲಾಗಿ ನಿಂತಿದ್ವು, ಒಂದೊಂದರಲ್ಲೂ ನಾಲ್ಕೈದು ಚಿಗುರು ನಮ್ ಸೊಂಟದೆತ್ತರಕ್ಕೆ ಬಂದಿತ್ತು.